ಇಸುಬು ಯಾರ ಪಾಪದ ಫಲ?

ಇಸುಬು ಹತ್ತಿದವರನ್ನು ಕಾಡುವುದು ತುರಿಕೆ ಒಂದೇ ಆಗಿದ್ದರೆ ಅವರ ಪಾಡು ಇಷ್ಟು ಬಿಗಡಾಯಿಸುತ್ತಿರಲಿಲ್ಲ. ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ, ಕತ್ತಿನ ಸುತ್ತ ಚರ್ಮ ಕೆಂಪೇರಿ, ಬಿರಿದು, ನೀರು ಒಸರುತ್ತಿರುವಾಗ ನೋಡಿದವರ ಬಾಯಿಂದ ಬರುವ ಮಾತು ತುರಿಕೆಗಿಂತ ಆಳಕ್ಕೆ ಇಳಿಯುತ್ತದೆ: ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ದನೋ! ಜ್ವರಕ್ಕೆ, ಹೊಟ್ಟೆನೋವಿಗೆ ಈ ಮಾತು ಇಷ್ಟು ಸಲೀಸಾಗಿ ಬರುವುದಿಲ್ಲ. ಚರ್ಮದ ರೋಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಹೋದಂತೆ ಮಾಡಿ ಮರಳಿ ಬರುತ್ತದೆ, ವರ್ಷಗಟ್ಟಲೆ ಬಿಡುವುದಿಲ್ಲ. ಹಾಗಾಗಿ ನಾಗದೋಷ, ಹಿರಿಯರ ಶಾಪ, ತೀರಿಸದೆ ಬಿಟ್ಟ ಹರಕೆ, ಪ್ರಾರಬ್ಧ ಎಂಬ ಕಾರಣಗಳನ್ನು ಅದರ ಮೇಲೆ ಹೇರುವುದು ಸುಲಭ. ರೋಗಿಯ ಮೈಮೇಲಿನ ಕಲೆಯನ್ನು ಅವನ ನಡತೆಯ ಮೇಲಿನ ತೀರ್ಪೆಂದು ಓದುವ ಈ ಅಭ್ಯಾಸ ಧರ್ಮಸಮ್ಮತವೆ? ವೈದ್ಯರು ಇದನ್ನು ಒಪ್ಪುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ನಾವು ನಂಬಿಕೊಂಡು ಬಂದ ಧರ್ಮಗಳೇ ಇದನ್ನು ಒಪ್ಪುವುದಿಲ್ಲ, ಇಸುಬನ್ನು ದಿನದಿನವೂ ನೋಡಿಕೊಳ್ಳುವ ಆರೈಕೆಯೇ ಅವುಗಳಿಗೆ ಹತ್ತಿರವಾದ ಆಚರಣೆ ಎಂಬುದು ನನ್ನ ವಾದ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಡಫಳಾಪುರದಂಥ ಊರು ತಕ್ಕ ಜಾಗ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಈ ಊರಿನ ಪಾಟೀಲಕಿ ಹಿಡಿದಿದ್ದ ಸತ್ವಾಜಿ ಚವ್ಹಾಣ ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಮೇಲೆ ಬಂದವನು. ಅವನ ಮನೆತನಕ್ಕೆ ಡಫಳೆ ಎಂಬ ಹೆಸರು ಬಂದದ್ದು ಈ ಊರಿನಿಂದಲೇ. ಡಫಳಾಪುರ ತನ್ನದೇ ಪುಟ್ಟ ಸಂಸ್ಥಾನವಾಗಿದ್ದು 1917ರಲ್ಲಿ ಜತ್ತಕ್ಕೆ ಸೇರಿತು, ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆಡಳಿತದ ಗಡಿ ಹೀಗೆ ಸರಿದಾಡಿದರೂ ಜತ್ತದ ನೆಲದಲ್ಲಿ ಕನ್ನಡ ಮರಾಠಿ ಎರಡೂ ಉಳಿದವು, ಮತಗಳೂ ಒಂದರ ಪಕ್ಕ ಒಂದು ಉಳಿದವು. ಹನ್ನೆರಡನೆಯ ಶತಮಾನದ ಶರಣೆಯೆಂದು ಭಕ್ತರು ನಂಬುವ ದಾನಮ್ಮ ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ನೆಲೆಸಿದವಳು. ಛಟ್ಟಿ ಅಮಾವಾಸ್ಯೆಗೆ ಕರ್ನಾಟಕದಿಂದ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಅಲ್ಲಿಗೆ ಬರುತ್ತಾರೆ. ಸಾಂಗಲಿ ಸೀಮೆಯಲ್ಲಿ ಜೈನರಿದ್ದಾರೆ, ಆದಿಲಶಾಹಿಯ ಕಾಲದಿಂದ ಬಂದ ಮುಸ್ಲಿಂ ಮನೆತನಗಳಿವೆ, ಎಲ್ಲಮ್ಮನ ಒಕ್ಕಲಿದ್ದಾರೆ. ಮಳೆ ಕಡಿಮೆಯ, ಒಣಗಾಳಿಯ ನೆಲ. ಚರ್ಮ ಬಿರಿಯುವುದು ಇಲ್ಲಿ ಯಾರಿಗೂ ಹೊಸತಲ್ಲ. ಇಲ್ಲಿ ನಿಲ್ಲುವ ಉತ್ತರ ಒಂದು ಮತಕ್ಕೆ ಮಾತ್ರ ಒಪ್ಪಿಗೆಯಾದರೆ ಸಾಲದು.

ಮೊದಲು ಇಸುಬಿನ ಸ್ವರೂಪ ಗೊತ್ತಿರಬೇಕು. ಚರ್ಮದ ಮೇಲ್ಪದರ ಒಳಗಿನ ತೇವವನ್ನು ಹಿಡಿದಿಡುತ್ತದೆ, ಹೊರಗಿನ ಧೂಳು, ರಾಸಾಯನಿಕ, ರೋಗಾಣುಗಳನ್ನು ತಡೆಯುತ್ತದೆ. ಕೆಲವರಲ್ಲಿ ಈ ತಡೆ ಹುಟ್ಟಿನಿಂದಲೇ ಸಡಿಲ. ಫಿಲಾಗ್ರಿನ್ ಎಂಬ ಪ್ರೋಟೀನನ್ನು ರೂಪಿಸುವ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಂಭವ ಹೆಚ್ಚೆಂದು 2006ರಲ್ಲಿ ಸ್ಕಾಟ್‌ಲೆಂಡಿನ ಡಂಡಿಯ ಸಂಶೋಧಕರು ತೋರಿಸಿಕೊಟ್ಟರು. ಅಂಥ ಮನೆಗಳಲ್ಲಿ ಒಬ್ಬರಿಗೆ ಇಸುಬಿದ್ದರೆ ಇನ್ನೊಬ್ಬರಿಗೆ ಉಬ್ಬಸ, ಮತ್ತೊಬ್ಬರಿಗೆ ಸದಾ ಸೀನು ಇರುವುದುಂಟು. ತೇವ ಆರಿದ ಚರ್ಮ ತುರಿಸುತ್ತದೆ, ಕೆರೆದಾಗ ಇನ್ನಷ್ಟು ಹರಿಯುತ್ತದೆ, ಹರಿದಲ್ಲಿ ರೋಗಾಣು ಸೇರಿ ಉರಿಯೂತ ಏರುತ್ತದೆ, ಉರಿಯೂತ ಮತ್ತೆ ತುರಿಕೆ ತರುತ್ತದೆ. ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಮಳೆಗೆ ಮುಂಚೆ ವರ್ಷವರ್ಷ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡದಿದ್ದರೆ ಸೋರುತ್ತದೆ. ಸೋರಿತೆಂದು ಆ ಮನೆಯ ಯಜಮಾನನನ್ನು ಪಾಪಿ ಎನ್ನುವವರಿಲ್ಲ. ಇಸುಬಿನ ಚರ್ಮವೂ ಹಾಗೆಯೇ ಮತ್ತೆ ಮತ್ತೆ ಮೆತ್ತಿಸಿಕೊಳ್ಳಬೇಕಾದ ಚರ್ಮ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಇನ್ನು, ಇದು ಯಾರಿಗೆ ಬರುತ್ತದೆಂದು ನೋಡಿ. ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ, ಬೀಳುಭೂಮಿಯಲ್ಲಿ ಮಳೆ ಬಿದ್ದೊಡನೆ ಚಿಗುರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಅಮೆರಿಕ ಖಂಡದ ಮೂಲದ್ದು. 1950ರ ದಶಕದ ನಡುವೆ ಪುಣೆಯಲ್ಲಿ ಕಾಣಿಸಿಕೊಂಡು ದಖನ್ ತುಂಬ ಹಬ್ಬಿತು. ಅದರ ಎಲೆಕಾಂಡಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಗಾಳಿಯ ಧೂಳಿನೊಡನೆ ಮೈಗೆ ತಾಗುತ್ತದೆ. ಮೊದಲ ಸಲಕ್ಕೆ ಏನೂ ಆಗುವುದಿಲ್ಲ. ಬಹುಕಾಲ ತಾಗಿ ತಾಗಿ ದೇಹದ ರೋಗರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಮೇಲೆ ಕಣ್ಣೆವೆ ಊದುತ್ತದೆ, ಕತ್ತು ಮತ್ತು ಮೊಣಕೈ ಮಡಿಕೆಗಳು ದಪ್ಪಗಟ್ಟಿ ಕಪ್ಪಾಗುತ್ತವೆ, ರಾತ್ರಿ ನಿದ್ದೆ ಹಾರಿಹೋಗುತ್ತದೆ. ಎಪ್ಪತ್ತರ ದಶಕದ ಹೊತ್ತಿಗೆ ಪುಣೆಯ ವೈದ್ಯರು ಇಂಥ ರೋಗಿಗಳ ವಿವರಗಳನ್ನು ಪ್ರಕಟಿಸಿದ್ದರು. ಬಯಲಲ್ಲಿ ದುಡಿಯುವ ನಡುವಯಸ್ಸಿನ ಗಂಡಸರೇ ಅವರಲ್ಲಿ ಹೆಚ್ಚು. ಗಾರೆ ಕೆಲಸದವರಿಗೆ ಸಿಮೆಂಟಿನೊಳಗಿನ ಕ್ರೋಮಿಯಂನಿಂದ ಕೈ ಇಸುಬು ಬರುತ್ತದೆ. ದಿನವಿಡೀ ಮುಸುರೆ ತಿಕ್ಕಿ ಬಟ್ಟೆ ಒಗೆಯುವ ಹೆಂಗಸಿನ ಬೆರಳ ಸಂದಿ ಬಿರಿಯುತ್ತದೆ. ಬಳ್ಳೊಳ್ಳಿ ಸುಲಿದು ಹೆಚ್ಚುವವಳಿಗೆ, ಅದನ್ನು ಹಿಡಿಯುವ ಎಡಗೈಯ ಬೆರಳ ತುದಿಗಳೇ ಸಿಪ್ಪೆ ಏಳುತ್ತವೆ. ತಪ್ಪದೆ ಪೂಜೆ ಮಾಡಿ ಹಣೆಗೆ ಕುಂಕುಮ ಇಡುವವಳಿಗೆ ಆ ಕುಂಕುಮದಲ್ಲಿ ಬೆರೆಸಿದ ಬಣ್ಣದಿಂದಲೇ ಹಣೆಯ ನಡುವೆ ಇಸುಬು ಏಳುವುದನ್ನು ಭಾರತದ ಚರ್ಮವೈದ್ಯರು ಬಹುಕಾಲದಿಂದ ಬಲ್ಲರು. ಉತ್ತವನಿಗೆ, ಕಟ್ಟಿದವನಿಗೆ, ಅಡುಗೆ ಮಾಡಿದವಳಿಗೆ, ಪೂಜಿಸಿದವಳಿಗೆ ಬರುವ ರೋಗ ಪಾಪದ ಗುರುತಾದೀತು ಹೇಗೆ? ದುಡಿಮೆಯನ್ನೇ ಪೂಜೆಯೆಂದು ಸಾರಿದ ಶರಣರ ನಾಡಿನಲ್ಲಿ, ಕಾಯಕ ಮಾಡುತ್ತಲೇ ತಗುಲಿದ ರೋಗಕ್ಕೆ ಪಾಪದ ಹೆಸರಿಡುವುದು ಕಾಯಕಕ್ಕೇ ಮಾಡುವ ಅವಮಾನ.

ಇದಕ್ಕೆ ಕರ್ಮಸಿದ್ಧಾಂತವನ್ನು ಗಟ್ಟಿಯಾಗಿ ನಂಬುವವರ ಉತ್ತರ ಹೀಗಿದ್ದೀತು: ಗಿಡ ನಿಮಿತ್ತ, ಅಷ್ಟೆ. ಅದೇ ಬದುವಿನಲ್ಲಿ ದುಡಿದ ಹತ್ತು ಜನರಲ್ಲಿ ಒಬ್ಬನಿಗೇ ಯಾಕೆ ಹತ್ತಿತು? ಅದನ್ನು ಹೇಳಲು ಪೂರ್ವಕರ್ಮವೇ ಬೇಕು. ಹಗುರಾಗಿ ತಳ್ಳಿಹಾಕುವ ಪ್ರಶ್ನೆ ಇದಲ್ಲ. ದೇಹದಿಂದ ದೇಹಕ್ಕೆ ರೋಗರಕ್ಷಣೆಯ ಬಗೆ ಬೇರೆಯೆಂದು ವಿಜ್ಞಾನ ಅರ್ಧ ಉತ್ತರ ಕೊಡುತ್ತದೆ. ಆ ದೇಹ ಇವನಿಗೇ ಯಾಕೆ ಬಂತೆಂಬ ಇನ್ನರ್ಧ ಉಳಿದೇ ಉಳಿಯುತ್ತದೆ. ಆದರೆ ಉಳಿದ ಪ್ರಶ್ನೆಗೆ ಪಾಪವೇ ಉತ್ತರವೆಂದು ತುಂಬಿಸಿಬಿಡುವುದು ಬಲವಂತ. ಪಾಲಿ ತ್ರಿಪಿಟಕದ ಸಂಯುತ್ತನಿಕಾಯದಲ್ಲಿ ಮೋಳಿಯಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಇದನ್ನೇ ಕೇಳುತ್ತಾನೆ: ಮನುಷ್ಯ ಉಣ್ಣುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೆ? ಬುದ್ಧ ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಅವುಗಳ ಕೂಡುವಿಕೆ, ಋತುಗಳ ಬದಲಾವಣೆ, ದೇಹವನ್ನು ನೋಡಿಕೊಳ್ಳುವುದರಲ್ಲಿ ಆಗುವ ಎಡವಟ್ಟು, ಹೊರಗಿನ ಪೆಟ್ಟು ಎಂದು ಏಳು ಕಾರಣ ಎಣಿಸಿ, ಕರ್ಮಫಲವನ್ನು ಎಂಟನೆಯದಾಗಿ ಮಾತ್ರ ಹೇಳುತ್ತಾನೆ. ಎಲ್ಲವೂ ಪೂರ್ವಕರ್ಮ ಎನ್ನುವವರು ತಾವೇ ಕಂಡು ಅರಿಯಬಲ್ಲದ್ದನ್ನು ಮೀರಿ ಮಾತಾಡುತ್ತಾರೆ ಎಂಬುದು ಅವನ ಆಕ್ಷೇಪ. ಕರ್ಮವನ್ನು ನಂಬಿದ ಗುರುವೇ ಎಲ್ಲ ರೋಗಕ್ಕೂ ಅದನ್ನು ಅಂಟಿಸಬೇಡಿ ಎಂದಮೇಲೆ, ಇಸುಬು ಕಂಡೊಡನೆ ಹಿಂದಿನ ಜನ್ಮ ಕೆದಕುವುದಕ್ಕೆ ಶ್ರದ್ಧೆಯ ಬಲ ಸಿಗುವುದಿಲ್ಲ.

ನಮ್ಮ ಆಯುರ್ವೇದವೇ ಹಾಗೆ ಹೇಳಿದೆಯಲ್ಲ ಎನ್ನುವವರೂ ಇದ್ದಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 7ನೆಯ ಅಧ್ಯಾಯದಲ್ಲಿ ಹದಿನೆಂಟು ಬಗೆಯ ಚರ್ಮರೋಗಗಳು ಕುಷ್ಠವೆಂಬ ಒಂದೇ ಹೆಸರಿನಡಿ ಬರುತ್ತವೆ. ತುರಿಕೆ, ಕಪ್ಪುಗುಳ್ಳೆ, ಹೇರಳ ಸ್ರಾವ ಇರುವ ವಿಚರ್ಚಿಕಾ ಅವುಗಳಲ್ಲೊಂದು, ಇಂದಿನ ವೈದ್ಯರು ಇಸುಬಿಗೆ ಹೊಂದಿಸುವುದು ಇದನ್ನೇ. ಅಲ್ಲಿ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಗುರುಹಿರಿಯರ ನಿಂದೆ, ಪಾಪಕರ್ಮ ಇರುವುದು ನಿಜ. ಆದರೆ ಅವುಗಳ ಜೊತೆಗೇ ವಿರುದ್ಧಾಹಾರ, ಬಿಸಿಲಲ್ಲಿ ದಣಿದು ಬಂದು ತಣ್ಣೀರಿಗಿಳಿಯುವುದು, ದೇಹದ ಸಹಜ ಒತ್ತಡಗಳನ್ನು ತಡೆಯುವುದು ಮುಂತಾದವು ಇವೆ. ಆಮೇಲೆ ಅಧ್ಯಾಯದ ತುಂಬ ಇರುವುದು ತುಪ್ಪ, ಶೋಧನ, ಲೇಪ, ಕಷಾಯಗಳ ಮಾತು. ಪಾಪವೇ ಮೂಲವೆಂದು ಗ್ರಂಥಕಾರ ಮನಸಾರೆ ನಂಬಿದ್ದರೆ ಇಷ್ಟು ಔಷಧಿ ಬರೆಯುವ ದಣಿವು ಯಾಕೆ? ವಿಮಾನಸ್ಥಾನದ 3ನೆಯ ಅಧ್ಯಾಯದಲ್ಲಿ ಆತ್ರೇಯ ಅಗ್ನಿವೇಶನಿಗೆ ಇನ್ನೂ ಬಿಚ್ಚಿ ಹೇಳುತ್ತಾನೆ. ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ. ದುರ್ಬಲ ದೈವವನ್ನು ಬಲವಾದ ಪುರುಷಕಾರ ಹಿಮ್ಮೆಟ್ಟಿಸುತ್ತದೆ. ಆಯುಸ್ಸೆಲ್ಲ ಮೊದಲೇ ಗೊತ್ತಾಗಿಬಿಟ್ಟಿದ್ದರೆ ಮಂತ್ರವೂ ಬೇಡ, ಔಷಧಿಯೂ ಬೇಡ, ಕೆರಳಿದ ಆನೆ ಎಮ್ಮೆ ಒಂಟೆಗಳಿಂದ ದೂರ ಸರಿಯುವುದೂ ಬೇಡವಾಗುತ್ತಿತ್ತು ಎಂಬುದು ಅವನ ತರ್ಕ. ವಿಧಿಯನ್ನು ಮುಂದಿಟ್ಟುಕೊಂಡು ಆರೈಕೆ ಬಿಡಬೇಡವೆಂದು ವೈದ್ಯಶಾಸ್ತ್ರ ತನ್ನ ಶಿಷ್ಯನಿಗೆ ಅಂದೇ ಕಲಿಸಿತ್ತು.

ಕರ್ಮವನ್ನು ಒಪ್ಪಿದವರು ರೋಗಿಯ ಮುಂದೆ ಹೇಗೆ ನಡೆದುಕೊಂಡರು ಎಂಬುದು ಇದಕ್ಕಿಂತ ದೊಡ್ಡ ಸಾಕ್ಷಿ. ಧಮ್ಮಪದದ ಅಟ್ಠಕಥೆಯಲ್ಲಿ, ಅಂದರೆ ಅದರ ವ್ಯಾಖ್ಯಾನದಲ್ಲಿ, ತಿಸ್ಸನೆಂಬ ಭಿಕ್ಷುವಿನ ಕಥೆಯಿದೆ. ಮೈತುಂಬ ಎದ್ದ ಗುಳ್ಳೆಗಳು ಬೆಳೆದು, ಒಡೆದು, ಕೀವು ಸುರಿದು, ಉಟ್ಟ ಬಟ್ಟೆ ಮೈಗೆ ಅಂಟಿ, ಜೊತೆಗಿದ್ದ ಭಿಕ್ಷುಗಳೇ ಅವನನ್ನು ಬಿಟ್ಟುಹೋಗಿದ್ದರು. ಬುದ್ಧ ಬಂದು ನೀರು ಕಾಯಿಸುತ್ತಾನೆ, ಹೊದಿಕೆಯನ್ನು ತೊಳೆಸಿ ಒಣಗಿಸುತ್ತಾನೆ, ಬೆಚ್ಚನೆಯ ನೀರಿನಿಂದ ಅವನ ಮೈ ನೆನೆಸಿ ಉಜ್ಜಿ ಸ್ನಾನ ಮಾಡಿಸುತ್ತಾನೆ. ಇವನಿಗೆ ಹೀಗೇಕಾಯಿತೆಂದು ಉಳಿದವರು ಕೇಳುವುದು, ಹಿಂದೊಂದು ಜನ್ಮದಲ್ಲಿ ಹಕ್ಕಿ ಹಿಡಿದು ಕೊಲ್ಲುತ್ತಿದ್ದನೆಂಬ ಉತ್ತರ ಬರುವುದು, ಎಲ್ಲ ಮುಗಿದ ಮೇಲೆ, ತಿಸ್ಸ ಶಾಂತನಾಗಿ ತೀರಿಕೊಂಡ ನಂತರ. ಕಥೆ ಕರ್ಮವನ್ನು ನಿರಾಕರಿಸುವುದಿಲ್ಲ. ಆದರೆ ಯಾವುದು ಮೊದಲು ಎಂಬುದರಲ್ಲಿ ಅದಕ್ಕೆ ಗೊಂದಲವೇ ಇಲ್ಲ: ಮೊದಲು ಬೆಚ್ಚಗಿನ ನೀರು. ಕರ್ಮದ ಲೆಕ್ಕವನ್ನು ಎಲ್ಲರಿಗಿಂತ ಬಿಗಿಯಾಗಿ ಇಟ್ಟ ಜೈನಧರ್ಮ ವೈಯಾವೃತ್ಯವನ್ನು, ಎಂದರೆ ರೋಗಿಯಾದ ಮುನಿಯೇ ಮುಂತಾದವರ ಸೇವೆಯನ್ನು, ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸುತ್ತದೆ. ರೋಗಿ ತನ್ನ ಕರ್ಮ ಉಣ್ಣಲಿ ಎಂದು ದೂರ ನಿಲ್ಲುವುದು ಆ ಧರ್ಮದಲ್ಲೂ ತಪಸ್ಸಲ್ಲ. ಬೈಬಲ್ಲಿನ ಯೋಬನಿಗೆ ಅಂಗಾಲಿನಿಂದ ನಡುನೆತ್ತಿಯವರೆಗೆ ಹುಣ್ಣೆದ್ದವು, ಬೂದಿಯಲ್ಲಿ ಕೂತು ಬೋಕಿಬಿಲ್ಲೆಯಿಂದ ಕೆರೆದುಕೊಂಡ. ನೀನು ಪಾಪ ಮಾಡಿರಲೇಬೇಕು ಎಂದು ಒತ್ತಿ ಒತ್ತಿ ಹೇಳಿದ ಗೆಳೆಯರ ಮೇಲೆ ಕೊನೆಗೆ ದೇವರೇ ಸಿಟ್ಟಾಗುತ್ತಾನೆ. ಆ ಯೋಬನೇ ಮುಸ್ಲಿಮರಿಗೆ ಪೈಗಂಬರ್ ಅಯ್ಯೂಬ್. ಕುರಾನಿನಲ್ಲಿ ಅವನಿಗೆ ದೊರೆಯುವುದು ತಣ್ಣನೆಯ ಬುಗ್ಗೆ, ಮೀಯಲು ಮತ್ತು ಕುಡಿಯಲು. ಎಲ್ಲಿಂದಲೋ ಎಲ್ಲಿಗೋ ಹಬ್ಬಿದ ಈ ಕಥೆಗಳಲ್ಲಿ ರೋಗಿಗೆ ಸಲ್ಲುವುದು ನೀರು, ಸೇವೆ. ಆರೋಪ ಹೊರಿಸಿದವರು ಯೋಬನ ಕಥೆಯಲ್ಲಿ ತಪ್ಪಿತಸ್ಥರಾಗುತ್ತಾರೆ.

ಹರಕೆ ಹೊತ್ತಮೇಲೆ ಇಸುಬು ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂಬುದು ಮುಂದಿನ ಆಕ್ಷೇಪ. ಕಂಡದ್ದು ಸುಳ್ಳಲ್ಲ. ಆದರೆ ಇಸುಬು ತಾನಾಗಿ ಏರುವ, ಇಳಿಯುವ ರೋಗ. ಸಹಿಸಲಾರದಷ್ಟು ಏರಿದಾಗಲೇ ಜನ ಹರಕೆ ಹೊರುವುದರಿಂದ ಅದರ ಮುಂದಿನ ದಾರಿ ಬಹುಮಟ್ಟಿಗೆ ಇಳಿಜಾರೇ. ಕಾಂಗ್ರೆಸ್ ಗಿಡ ಮಳೆಗಾಲದಲ್ಲಿ ಬೆಳೆದು ಹೂಬಿಟ್ಟಾಗ ಕೆರಳಿದ ಇಸುಬು, ರೋಗದ ಮೊದಲ ವರ್ಷಗಳಲ್ಲಿ, ಗಿಡ ಕಡಿಮೆಯಾದ ಹೊತ್ತಿಗೆ ತಗ್ಗುವುದುಂಟು. ಛಟ್ಟಿ ಅಮಾವಾಸ್ಯೆ ಬರುವುದೂ ಆ ಹೊತ್ತಿಗೇ. ಮರುವರ್ಷ ಮರಳಿ ಬಂದಾಗ ಹರಕೆಯಲ್ಲಿ ಲೋಪವಾಯಿತೆಂದು ರೋಗಿ ತನ್ನನ್ನೇ ಹಳಿದುಕೊಳ್ಳುತ್ತಾನೆ, ಬದುವಿನ ಗಿಡ ಮಾತ್ರ ಬದುವಿನಲ್ಲೇ ಉಳಿಯುತ್ತದೆ. ಪ್ರಾರ್ಥನೆಗೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ಚಿಂತೆ, ನಿದ್ದೆಗೇಡು ತುರಿಕೆಯನ್ನು ಹೆಚ್ಚಿಸುತ್ತವೆಂದು ವೈದ್ಯರೇ ಹೇಳುತ್ತಾರೆ. ಗುಡ್ಡಾಪುರಕ್ಕೆ ನಡೆದು ಬಂದವರ ಮನಸ್ಸು ಹಗುರಾದರೆ ಚರ್ಮಕ್ಕೂ ಅದರಿಂದ ಒಳಿತೇ. ಕೇಡಿರುವುದು ಹರಕೆ ಔಷಧಿಯ ಜಾಗ ಕಿತ್ತುಕೊಂಡಾಗ, ಇಲ್ಲವೆ ಬಿರಿದ ಮೈಯನ್ನೇ ದಂಡಿಸಿದಾಗ. ಚರ್ಮರೋಗ ಹೋಗುತ್ತದೆಂಬ ನಂಬಿಕೆಯಿಂದ ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದಲ್ಲಿ ನಡೆಯುತ್ತಿದ್ದ ಎಂಜಲೆಲೆಯ ಮೇಲಿನ ಉರುಳುವಿಕೆಯನ್ನು ನೆನೆಯಿರಿ. ತೆರೆದ ಗಾಯಕ್ಕೆ ಎಂಜಲು ತಾಗಿದರೆ ಸೋಂಕು ಹತ್ತುತ್ತದೆ. ಎಂಜಲಿನ ಮೇಲೆ ಉರುಳುವ ಆಚರಣೆಯನ್ನು ಮನುಷ್ಯನ ಘನತೆಗೆ ಕುಂದೆಂದು ಕರ್ನಾಟಕ ತನ್ನ 2017ರ ಮೌಢ್ಯ ವಿರೋಧಿ ಕಾಯ್ದೆಯಲ್ಲಿ ನಿಷೇಧಿಸಿತು. ಡಫಳಾಪುರಕ್ಕೆ ಅನ್ವಯಿಸುವ ಮಹಾರಾಷ್ಟ್ರದ ಕಾಯ್ದೆ ಬಂದದ್ದು 2013ರಲ್ಲಿ, ಅದಕ್ಕಾಗಿ ದುಡಿದ ನರೇಂದ್ರ ದಾಭೋಲಕರ್ ಪುಣೆಯಲ್ಲಿ ಕೊಲೆಯಾದ ವರ್ಷವೇ.

ಎಲ್ಲಕ್ಕಿಂತ ಕರುಣೆ ಹುಟ್ಟಿಸುವ ಆಕ್ಷೇಪ ಕಡೆಯದು: ಕರ್ಮದ ನಂಬಿಕೆ ರೋಗಿಗೆ ಸಮಾಧಾನ ಕೊಡುತ್ತದೆ, ಅರ್ಥವಿಲ್ಲದ ನೋವಿಗೆ ಅರ್ಥ ಕೊಡುತ್ತದೆ, ಅದನ್ನು ಯಾಕೆ ಕಸಿಯುತ್ತೀರಿ? ಕಸಿಯಬೇಕಾಗಿಲ್ಲ. ಇದು ನನ್ನ ಪಾಲಿಗೆ ಬಂದದ್ದು, ತಾಳಿಕೊಂಡು ನಡೆಯುತ್ತೇನೆ ಎಂದು ಒಬ್ಬಳು ತನ್ನ ಬಗ್ಗೆ ಹೇಳಿಕೊಂಡರೆ ಅದು ಧೈರ್ಯ. ಅದೇ ಮಾತನ್ನು ನೆರೆಯವರು ಅವಳ ಬಗ್ಗೆ ಹೇಳಿದರೆ ಅದು ಶಿಕ್ಷೆ. ಮದುವೆಯ ಮಾತು ಮುರಿಯುವುದು, ತಾಟು ಬೇರೆ ಇಡುವುದು, ಮಗುವನ್ನು ಶಾಲೆಯಲ್ಲಿ ಒಬ್ಬೊಂಟಿಯಾಗಿ ಕೂರಿಸುವುದು, ಎಲ್ಲ ಆ ಎರಡನೆಯ ಮಾತಿನಿಂದಲೇ. ಕರ್ಮವೆಂಬ ವಿಚಾರಕ್ಕೆ ನೈತಿಕ ಬಲವಿದ್ದರೆ ಅದು ತನ್ನನ್ನು ತಾನು ತಿದ್ದಿಕೊಳ್ಳುವುದರಲ್ಲಿದೆ. ಎರಡು ವರ್ಷದ ಕೂಸಿನ ಕೆನ್ನೆ ಬಿರಿದಿರುವುದನ್ನು ನೋಡಿ ಅದರ ತಾಯಿಯ ನಡತೆ ಅಳೆಯುವವರ ಕೈಗೆ ಸಿಕ್ಕರೆ ಅದರಲ್ಲಿ ಧರ್ಮದ ಅಂಶ ಉಳಿಯುವುದಿಲ್ಲ.

ಈ ನೆಲದ ಲಿಂಗಾಯತ ಸಂಪ್ರದಾಯದಲ್ಲಿ ಇದಕ್ಕೆ ಇನ್ನೂ ಗಟ್ಟಿಯಾದ ಆಧಾರವಿದೆ. ಅಲ್ಲಿ ಇಷ್ಟಲಿಂಗ ಇರುವುದು ಮೈಮೇಲೆ, ಅದರ ಪೂಜೆ ನಡೆಯುವುದು ಎಡ ಅಂಗೈಯಲ್ಲಿ. ದೇವರನ್ನು ಇಷ್ಟು ಹತ್ತಿರಕ್ಕೆ, ಚರ್ಮಕ್ಕೆ ತಾಗಿಸಿಕೊಂಡು ಧರಿಸುವ ಧರ್ಮ, ಅದೇ ಚರ್ಮವನ್ನು ಪಾಪದ ಫಲಕವೆಂದು ಕಾಣಲಾರದು. ಅಂಗೈ ಬಿರಿದವನ ಪೂಜೆಯೂ ಪೂಜೆಯೇ. ದೇಹವನ್ನು ದೇವಾಲಯವೆಂದು ಕಂಡ ಮೇಲೆ ಅದನ್ನು ನೋಡಿಕೊಳ್ಳುವುದು ನಿತ್ಯದ ವ್ರತವಾಗಬೇಕು. ಆ ವ್ರತದ ನಿಯಮಗಳು ಸರಳ, ಆದರೆ ತಪ್ಪಬಾರದು. ಸ್ನಾನಕ್ಕೆ ಸುಡುನೀರು ಬೇಡ, ಉಗುರುಬೆಚ್ಚಗಿನದು ಸಾಕು, ಐದಾರು ನಿಮಿಷ ಸಾಕು. ಕಟುವಾದ ಸೋಪಿನಿಂದ ಉಜ್ಜಬಾರದು. ನೀರನ್ನು ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ವೈದ್ಯರು ಹೇಳಿದ ಮುಲಾಮನ್ನೋ ಧಾರಾಳವಾಗಿ ಸವರಬೇಕು, ರೋಗ ಕಾಣದ ದಿನಗಳಲ್ಲೂ ಬಿಡಬಾರದು. ಉಗುರು ಮೋಟಾಗಿರಲಿ, ಬಟ್ಟೆ ಹತ್ತಿಯದಿರಲಿ. ಒಸರುವ ಗಾಯಕ್ಕೆ ಬೂದಿ, ಭಂಡಾರ ಹಚ್ಚುವುದು ಬೇಡ. ಕಾಂಗ್ರೆಸ್ ಗಿಡದಿಂದ ಇಸುಬು ಬಂದವರು ಅದನ್ನು ತಾವೇ ಕೀಳಬಾರದು, ಒಣಗಿದ ಗಿಡವನ್ನೂ ಮುಟ್ಟಬಾರದು. ಆ ಬದು ಹಸನು ಮಾಡಿಕೊಡುವುದು ಉಳಿದವರ ಪಾಲಿನ ದಾಸೋಹ. ಹಣೆಯಲ್ಲಿ ಇಸುಬೆದ್ದವಳು ಆ ಕುಂಕುಮವನ್ನು ಬಿಟ್ಟರೆ ಭಕ್ತಿಗೆ ಕೊರತೆಯಾಗುವುದಿಲ್ಲ.

ಉರಿಯೂತ ಏರಿದಾಗ ಸ್ಟೀರಾಯ್ಡ್ ಮುಲಾಮು ಬೇಕಾಗುತ್ತದೆ. ಅದಕ್ಕೆ ಹೆದರಿ ಬಿಡುವುದೂ ತಪ್ಪು, ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚುವುದೂ ತಪ್ಪು. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಬೆರೆಸಿದ ಟ್ಯೂಬುಗಳು ಚರ್ಮವನ್ನು ತೆಳುಮಾಡಿವೆ, ಗಜಕರ್ಣವನ್ನು ಗುರುತು ಸಿಗದಂತೆ ಹಬ್ಬಿಸಿವೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದು ಇದಕ್ಕಾಗಿಯೇ. ಯಾವ ಬಲದ್ದು, ಎಲ್ಲಿ, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು. ಗಾಯಕ್ಕೆ ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ತಡಮಾಡಬಾರದು. ತುರಿಕೆಯಿಲ್ಲದೆ ಸ್ಪರ್ಶವೇ ತಿಳಿಯದ ಮಚ್ಚೆಯಿದ್ದರೆ ಅದು ಇಸುಬಲ್ಲದಿರಬಹುದು, ಇಂದು ಕುಷ್ಠರೋಗವೆನ್ನುವ ಲೆಪ್ರಸಿಯೋ ಎಂದು ಪರೀಕ್ಷಿಸಬೇಕು. ಅದಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಔಷಧಿಯಿದೆ, ವಾಸಿಯೂ ಆಗುತ್ತದೆ. ಇಷ್ಟೆಲ್ಲ ಮಾಡಿಯೂ ಇಸುಬು ಮರಳಿ ಬಂದೀತು, ಹಾಗಾದರೆ ಏನು ಬಂತು ಎನ್ನುವವರಿಗೆ ಹೇಳಬೇಕಾದ್ದಿಷ್ಟೆ: ಹಸಿವೂ ದಿನವೂ ಮರಳುತ್ತದೆ, ಆದರೂ ಅನ್ನದಾಸೋಹ ವ್ಯರ್ಥವೆಂದು ಯಾರೂ ಅನ್ನುವುದಿಲ್ಲ. ರಾತ್ರಿ ತುರಿಸದೆ ನಿದ್ದೆ ಬಂದರೆ, ಮಗು ಉದ್ದ ತೋಳಿನ ಅಂಗಿಯಲ್ಲಿ ಅಡಗಿಕೊಳ್ಳದೆ ಶಾಲೆಗೆ ಹೋದರೆ, ಪಡೆದದ್ದು ಸಣ್ಣದಲ್ಲ.

ಆದ್ದರಿಂದ ಗಡಿಭಾಗದ ಪೂಜಾರಿ, ಸ್ವಾಮಿಗಳು, ಮೌಲ್ವಿ, ಊರ ಹಿರಿಯರ ಮುಂದೆ ಒಂದು ಬೇಡಿಕೆಯಿಡಬೇಕಾಗಿದೆ. ಇಸುಬಿನವರು ನಿಮ್ಮ ಬಳಿ ಬಂದಾಗ ದೋಷ ಹುಡುಕಬೇಡಿ. ವೈದ್ಯರಿಗೆ ತೋರಿಸಿದೆಯಾ, ಹೇಳಿದ್ದನ್ನು ಬಿಡದೆ ಹಚ್ಚುತ್ತಿದ್ದೀಯಾ, ಯಾವ ಕೆಲಸ ಮಾಡುವಾಗ ಹೆಚ್ಚಾಗುತ್ತದೆ ಎಂದು ಕೇಳಿ. ಅವರನ್ನು ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣಿ. ಪೂಜ್ಯರು ಹೀಗೆ ನಡೆದುಕೊಂಡಲ್ಲಿ ನೆರೆಮನೆಯವರ ಮಾತು ತಾನಾಗಿ ಬದಲಾಗುತ್ತದೆ, ವೈದ್ಯರ ಮಾತಿಗೂ ಬಲ ಬರುತ್ತದೆ. ಹಿಂದಿನ ಜನ್ಮದಲ್ಲಿ ಏನಾಯಿತೆಂದು ನಮ್ಮಲ್ಲಿ ಯಾರೂ ಕಂಡವರಿಲ್ಲ. ಬಿರಿದ ಚರ್ಮದ ಮುಂದೆ ನಿಂತವರು ಈ ಜನ್ಮದಲ್ಲಿ ಏನು ಮಾಡಿದರೆಂಬುದನ್ನು ಎಲ್ಲರೂ ಕಾಣುತ್ತಾರೆ, ಧರ್ಮ ಲೆಕ್ಕ ಕೇಳುವುದೂ ಅದನ್ನೇ.